ಒಂದು ಸಲ ತಟ್ಟಿದರೆ ನಿಲ್ಲಬೇಕು

ಐವತ್ತು ತುಂಬಲು ಇನ್ನು ಮೂರು ತಿಂಗಳಿದೆ ಅನ್ನುವಾಗ ಡ್ರೈವರಿಗೆ ಗಾಡಿ ಹಿಂದಕ್ಕೆ ತೆಗೆಯುವುದನ್ನು ಹೊಸದಾಗಿ ಕಲಿಯಬೇಕಾಗಿ ಬಂತು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಮನುಷ್ಯ. ಹಾಲಿನವನಿಂದ ಹಿಡಿದು ಕ್ಷೌರದಂಗಡಿಯವನವರೆಗೆ ಬೀದಿಯಲ್ಲಿ ಎಲ್ಲರಿಗೂ ಅವನು ಬರೀ ಡ್ರೈವರು. ಬಸ್ ಕಂಪನಿ ಬಾಗಿಲು ಹಾಕಿತು, ಬಸ್ಸುಗಳು ಗುಜರಿಗೆ ಹೋದವು, ಹೆಸರು ಮಾತ್ರ ಉಳಿಯಿತು. ಬರೀ ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ.

ಊರ ಹೊರಗಿನ ದೊಡ್ಡ ಗೋದಾಮಿನವರು ಹಳೆಯ ಬಸ್ ಡ್ರೈವರುಗಳನ್ನು ಟ್ರೇಲರ್ ಓಡಿಸಲು ತೆಗೆದುಕೊಳ್ಳುತ್ತೇವೆ ಎಂದರು. ಷರತ್ತು ಒಂದೇ. ಎಂಟು ವಾರ ಅವರ ಅಂಗಳದಲ್ಲಿ ಕಲಿತು ಪರೀಕ್ಷೆ ಕೊಡಬೇಕು. ರೈಲುಡಬ್ಬಿಯಷ್ಟು ಉದ್ದದ ಟ್ರೇಲರನ್ನು ಹಿಂದಕ್ಕೆ ತೆಗೆದು, ಸಾಮಾನು ಇಳಿಸುವ ಕಟ್ಟೆಗೆ ನೇರವಾಗಿ ತಂದು ನಿಲ್ಲಿಸಬೇಕು. ಅವಕಾಶ ಎರಡು, ಆರನೇ ವಾರ ಒಂದು, ಎಂಟನೇ ವಾರ ಒಂದು. ಎರಡೂ ಕೈತಪ್ಪಿದರೆ ಪಟ್ಟಿಯಲ್ಲಿ ಮುಂದಿನವನಿಗೆ ಕೆಲಸ.

"ಹಿಂದಕ್ಕೆ ತೆಗೆಯೋದೇನು ಮಹಾ," ಅಂದಳು ಅವನ ತಾಯಿ, ಸೊಪ್ಪು ಬಿಡಿಸುತ್ತಾ. "ಇವನು ಹುಟ್ಟಿದ್ದೇ ಹಿಂದುಮುಂದಾಗಿ, ಕಾಲು ಮೊದಲು."

ಹೆಂಡತಿ ನಕ್ಕಳು. ಅವಳು ಲಾಂಡ್ರಿಗೆ ಹೊರಟಿದ್ದಳು. ಆಸ್ಪತ್ರೆ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಹಾಕುವ ಕೆಲಸ. ಮೆಟ್ಟಿಲು ಅರ್ಧ ಇಳಿದವಳು ಮತ್ತೆ ಹತ್ತಿಬಂದು ಅಡುಗೆಮನೆಗೆ ಇಣುಕಿದಳು.

"ಒಲೆ ಆರಿಸಿದ್ನಾ?"

"ಆರಿಸಿದ್ದೀಯಮ್ಮ," ಅಂದಳು ಮಗಳು, ತಲೆ ಎತ್ತದೆ. "ದಿನಾ ಆರಿಸಿರ್ತೀಯ, ದಿನಾ ಬಂದು ನೋಡ್ತೀಯ. ಒಲೆಗೇ ಬೇಜಾರಾಗಿದೆ."

ಮಗಳಿಗೆ ಹತ್ತೊಂಬತ್ತು. ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸ. ಹಲ್ಲುನೋವಿನವರ ಗೋಳು ಕೇಳಿ ಕೇಳಿ ಮಾತು ಚುರುಕಾಗಿತ್ತು.

ಮೊದಲ ವಾರ ಟ್ರೇಲರು ಡ್ರೈವರ ಒಂದು ಮಾತನ್ನೂ ಕೇಳಲಿಲ್ಲ. ಬಸ್ಸೆಂದರೆ ಒಂದೇ ಮೈ. ಹಿಂದಕ್ಕೆ ಹೋಗುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಬಾಲವೂ ಎಡಕ್ಕೆ. ಇದಕ್ಕೆ ಎರಡು ಮೈ, ನಡುವೆ ಒಂದು ಗೂಟ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಹೊರಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದನ್ನು ಅವನು ಬಾಯಲ್ಲಿ ಎಷ್ಟೋ ಸಲ ಆಡಿದ್ದ, ಕೈಯಲ್ಲಿ ಅನುಭವಿಸಿದ್ದು ಈಗಲೇ. ತಿದ್ದಲು ಹೋದಷ್ಟೂ ಗಾಡಿ ಮಡಚುವ ಚಾಕುವಿನ ಹಾಗೆ ಮಡಚಿಕೊಂಡು, ಟ್ರೇಲರಿನ ಮೂಲೆ ಅವನ ಕಿಟಕಿಯ ಹತ್ತಿರಕ್ಕೇ ಬಂದು ನಿಲ್ಲುತ್ತಿತ್ತು.

ಕಲಿಸುವವನು ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು. ದನಿ ಎತ್ತುವ ಜನ ಅಲ್ಲ.

"ಸ್ಟೇರಿಂಗ್ ಮೇಲೆ ಹಿಡೀಬೇಡಿ, ಕೆಳಗೆ ಹಿಡೀರಿ," ಅಂದ. "ಆಗ ಕೈ ಯಾವ ಕಡೆ ಹೋಗುತ್ತೋ ಬಾಲ ಆ ಕಡೆ ಹೋಗುತ್ತೆ. ಸ್ವಲ್ಪ ಸ್ವಲ್ಪ. ಅನುಮಾನ ಬಂದ್ರೆ ನಿಲ್ಲಿಸಿ. ಇಳೀರಿ, ಹಿಂದೆ ಹೋಗಿ ಕಣ್ಣಾರೆ ನೋಡಿ, ಬಂದು ಹತ್ತಿ."

"ಎಷ್ಟು ಸಲ?"

"ಅನುಮಾನ ಬಂದಷ್ಟು ಸಲ. ಪರೀಕ್ಷೆಯಲ್ಲೂ ಅಷ್ಟೇ. ಇಳಿದಿದ್ದಕ್ಕೆ ಅಂಕ ಕಳೆಯಲ್ಲ, ತಗಲಿಸಿದ್ದಕ್ಕೆ ಕಳೀತಾರೆ."

ಡ್ರೈವರು ತಲೆಯಾಡಿಸಿದ, ಇಳಿಯಲಿಲ್ಲ. ಅಂಗಳದ ಗೋಡೆಯ ಮೇಲೆ ಉಳಿದ ಕಲಿಯುವವರು ಸಾಲಾಗಿ ಕೂತಿರುತ್ತಿದ್ದರು. ಇಪ್ಪತ್ತಾರು ವರ್ಷದ ಡ್ರೈವರು ಇಳಿದು ಹೋಗಿ ಬಾಲ ಬಗ್ಗಿ ನೋಡುವುದೆಂದರೆ ಮಾನ ಹೋದ ಹಾಗೆ ಎಂದು ಅವನ ಎಣಿಕೆ.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ. ಬೆಂಕಿಪೊಟ್ಟಣಕ್ಕೆ ಸೋಪಿನ ಡಬ್ಬಿ ದಾರದಿಂದ ಕಟ್ಟಿಕೊಂಡು ಮೇಜಿನ ಮೇಲೆ ಹಿಂದಕ್ಕೆ ತಳ್ಳುವುದು, ಅದು ಉಪ್ಪಿನ ಬಟ್ಟಲಿಗೆ ಗುದ್ದುವುದು.

"ಮೂರನೇ ಸಲ ಉಪ್ಪಿಗೆ ಅಪಘಾತ," ಅಂದಳು ಮಗಳು.

"ಊಟ ಮಾಡಿ. ಅನ್ನ ಆರ್ತಿದೆ," ಅಂದಳು ಹೆಂಡತಿ.

"ನನಗೆ ಕೈ ಬರ್ತಿಲ್ಲ ಅಂತಲ್ಲ," ಅಂದ ಡ್ರೈವರು. "ಹಿಂದೆ ತಟ್ಟೋರಿಲ್ಲ. ಅದೇ ತೊಂದರೆ."

ಮೇಜಿನ ಸುತ್ತ ಎಲ್ಲರೂ ತಮ್ಮ ತಮ್ಮ ತಟ್ಟೆಗೆ ಬಗ್ಗಿದರು. ಆ ಮನೆಯಲ್ಲಿ ತಟ್ಟುವುದು ಎನ್ನುವ ಮಾತು ಬಂದರೆ ಹಾಗೆಯೇ.

ಬಸ್ಸಿನಲ್ಲಿ ಒಂದು ಪದ್ಧತಿಯಿತ್ತು. ಹಿಂದಕ್ಕೆ ತೆಗೆಯುವಾಗ ಕಂಡಕ್ಟರು ಇಳಿದು ಹಿಂದೆ ನಿಂತು ಬಸ್ಸಿನ ತಗಡಿಗೆ ಅಂಗೈಯಿಂದ ತಟ್ಟಬೇಕು. ಎರಡು ಸಲ ತಟ್ಟಿದರೆ ಬಾ, ಒಂದು ಸಲ ತಟ್ಟಿದರೆ ನಿಲ್ಲು. ಡ್ರೈವರ ಬಸ್ಸಿಗೆ ಒಂಬತ್ತು ವರ್ಷ ಕಂಡಕ್ಟರಾಗಿದ್ದವಳು ಅವನ ಹೆಂಡತಿಯೇ. ಮನೆಯಲ್ಲೂ ತಟ್ಟುತ್ತಾಳಾ ಎಂದು ಡಿಪೋದವರು ಹಾಸ್ಯ ಮಾಡುತ್ತಿದ್ದರು. ಆ ಒಂಬತ್ತು ವರ್ಷದಲ್ಲಿ ಅವನು ಹಿಂದಿನದನ್ನು ಕನ್ನಡಿಯಲ್ಲಿ ನೋಡಿದವನೇ ಅಲ್ಲ. ಕಿವಿ ಸಾಕಾಗಿತ್ತು.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ಬರುತ್ತಿತ್ತು. ಅವಳು ಒಂದು ಸಲ ತಟ್ಟಿದಳು. ಅವನಿಗೆ ಕೇಳಿಸಿತು. ಇವಳು ಯಾವಾಗಲೂ ಒಂದು ಮೊಳ ಮೊದಲೇ ತಟ್ಟುತ್ತಾಳೆ, ಇನ್ನೂ ಒಂದು ಮೊಳ ಜಾಗವಿದೆ ಅಂದುಕೊಂಡು ಅವನು ಬ್ರೇಕ್ ಒತ್ತಲಿಲ್ಲ. ಆ ಒಂದು ಮೊಳದಲ್ಲಿ ಒಬ್ಬ ಮುದಿ ಹಮಾಲಿಯ ಕಾಲಿತ್ತು. ಮುದುಕ ಬದುಕಿಕೊಂಡ, ಆದರೆ ಊರುಗೋಲಿಲ್ಲದೆ ಮತ್ತೆ ನಡೆಯಲಿಲ್ಲ.

ವಿಚಾರಣೆಯಲ್ಲಿ ಮೂವರು ಸಾಹೇಬರು ಕೇಳಿದರು: ಕಂಡಕ್ಟರ್ ತಟ್ಟಿದರಾ? ಡ್ರೈವರು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಾ, "ಇಲ್ಲ, ತಟ್ಟಲಿಲ್ಲ," ಅಂದ. ಆಮೇಲೆ ಅವಳನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತ್ತು. ಹೊರಗೆ ಬಂದಾಗ ಕಾಗದಕ್ಕೆ ರುಜು ಹಾಕಿಯಾಗಿತ್ತು. ಅವಳ ಕೆಲಸ ಹೋಯಿತು, ಅವನದು ಉಳಿಯಿತು. ಅವಳು ಆ ವಿಷಯ ಮತ್ತೆ ಎತ್ತಲಿಲ್ಲ.

ತಟ್ಟಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ, ಎರಡೂ ಕೆಲಸ ಹೋಗಬಾರದೆಂದು ಮನೆಗೋಸ್ಕರ ನುಂಗಿಕೊಂಡಿದ್ದಾಳೆ ಎಂದು ಡ್ರೈವರು ತಿಳಿದಿದ್ದ. ಭೂಮಿತೂಕದ ಹೆಂಗಸು ಎಂದು ಮನಸ್ಸಿನಲ್ಲೇ ಅವಳಿಗೆ ಕೈಮುಗಿಯುತ್ತಿದ್ದ. ಇಂಥ ಗೌರವ ಬಲು ಸುಲಭ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಡೆದುಕೊಂಡು ಹೋಗುತ್ತದೆ.

ಮೂರನೇ ವಾರದ ಕೊನೆಗೆ ಅವನು ಅವಳನ್ನೇ ಕೇಳಿದ. ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅವನು ಬುಟ್ಟಿಯಿಂದ ಒಂದೊಂದೇ ಹಿಂಡಿ ಕೊಡುತ್ತಿದ್ದ.

"ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಯಾರೂ ಇರಲ್ಲ. ಒಂದು ಗಂಟೆ ಬಂದು ಹಿಂದೆ ನಿಲ್ತೀಯಾ?"

"ನಾನಾ? ಬೇಡಪ್ಪ."

"ಯಾಕೆ?"

"ಬಾಗಿಲಿಗೆ ಬೀಗ ಹಾಕಿದ್ದೇ ನನಗೆ ನೆನಪಿರಲ್ಲ. ನನ್ನ ಕೈ ನಂಬಬೇಡಿ."

ಇದು ಚುಚ್ಚುಮಾತು ಎಂದು ಅವನಿಗೆ ಅನಿಸಿತು. ಹನ್ನೊಂದು ವರ್ಷಕ್ಕೆ ಒಂದು ಸಲ ಚುಚ್ಚಿದರೆ ತಪ್ಪೇನು ಎಂದು ಸುಮ್ಮನಾದ. ಒದ್ದೆ ಚಾದರ ಇಬ್ಬರೂ ಎರಡು ತುದಿ ಹಿಡಿದು ಕೊಡವಿದರು.

"ನೀನು ಬರದೆ ಇದ್ರೆ ನಾನು ಪಾಸಾಗಲ್ಲ," ಅಂದ.

ಅವಳು ಬಂದಳು. ಲಾಂಡ್ರಿಯ ಅರ್ಧ ಪಾಳಿ ಮುಗಿಸಿ ನೇರವಾಗಿ ಬಂದದ್ದು. ಬೆರಳುಗಳು ಸೋಪಿನ ನೀರಿಗೆ ಬಿಳುಚಿಕೊಂಡಿದ್ದವು. ಟ್ರೇಲರಿನ ಹಿಂದೆ ನಿಂತು ಅದರ ಎತ್ತರ ನೋಡಿದಳು, ಕಟ್ಟೆ ನೋಡಿದಳು, ಎರಡರ ನಡುವಿನ ನೆಲವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡು ಸಲ ತಟ್ಟಿದಳು.

ಡ್ರೈವರ ಕೈಗೆ ತಂತಾನೇ ಬುದ್ಧಿ ಬಂತು. ಟ್ರೇಲರು ಹೇಳಿದ ಮಾತು ಕೇಳಿತು. ಆದರೆ ಕಟ್ಟೆ ಇನ್ನೂ ದೂರವಿರುವಾಗಲೇ ಅವಳು ಒಂದು ಸಲ ತಟ್ಟಿಬಿಟ್ಟಳು.

"ಇನ್ನೂ ನಾಲ್ಕು ಮೊಳ ಇದೆಯಲ್ಲ," ಎಂದು ಅವನು ಕಿಟಕಿಯಿಂದ ಕೂಗಿದ.

"ಇರಲಿ. ನಿಲ್ಲಿಸಿ."

"ಅಷ್ಟು ಹೆದರಿದ್ರೆ ಹೇಗೆ?"

"ಹೆದರಿಕೆ ಆಗುತ್ತೆ, ಅದಕ್ಕೆ ಹೆದರ್ತೀನಿ."

ಮೂರನೇ ಸಲಕ್ಕೆ ಟ್ರೇಲರು ಕಟ್ಟೆಯ ಮುಂದೆ ಗೆರೆ ಎಳೆದ ಹಾಗೆ ನಿಂತಿತು. ಆಗ ಮೇಷ್ಟ್ರು ಊಟದ ಡಬ್ಬಿ ತೊಳೆದುಕೊಂಡು ಗೋದಾಮಿನ ಮೂಲೆಯಿಂದ ಬಂದ. ಅವನು ಆವಾಗಿನಿಂದಲೂ ಅಲ್ಲೇ ಇದ್ದ.

"ಹಿಂದೆ ನಿಂತಿರೋರು ಯಾರು?"

"ನನ್ನ ಹೆಂಡತಿ. ಮೊದಲು ಕಂಡಕ್ಟರ್ ಆಗಿದ್ಲು."

"ಚೆನ್ನಾಗಿ ತಟ್ಟಿದ್ರಿ ಅಮ್ಮ," ಅಂದ ಮೇಷ್ಟ್ರು. ಆಮೇಲೆ ಡ್ರೈವರ ಕಡೆ ತಿರುಗಿ, "ಕೆಲಸಕ್ಕೆ ಸೇರಿದ ಮೇಲೆ ಊರೂರಿಗೆ ಇವರನ್ನ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದ.

ಡ್ರೈವರು ಅಂಗಿಯ ತೋಳಿನಿಂದ ಕನ್ನಡಿ ಒರೆಸತೊಡಗಿದ.

"ಹೋಗ್ಲಿ, ಇವತ್ತು ಯಾರಿಗಾದ್ರೂ ತಗಲಿದ್ರೆ ಯಾರ ತಪ್ಪು?"

"ತಟ್ಟೋರದ್ದು," ಅಂದಳು ಹೆಂಡತಿ, ಯಾರೂ ಬಾಯಿ ತೆರೆಯುವ ಮೊದಲೇ.

"ಅಲ್ಲಮ್ಮ. ಚಕ್ರ ತಿರುಗಿಸಿದೋರದ್ದು. ನೀವು ತಟ್ಟಿ, ತಟ್ಟದೆ ಇರಿ. ಕಾಣದ ಕಡೆಗೆ ಗಾಡಿ ಬಿಟ್ಟೋರು ಅವರು. ಇಳಿದು ನೋಡ್ಬಹುದಿತ್ತು."

ಅವಳು ಮೇಷ್ಟ್ರ ಮುಖವನ್ನು ಎಷ್ಟೋ ಹೊತ್ತು ನೋಡಿದಳು. ಇಸ್ತ್ರಿ ಬಟ್ಟೆ ಬಾಕಿಯಿದೆ ಎಂದು ಹೊರಟುಬಿಟ್ಟಳು. ಡ್ರೈವರು ಸೀಟಿನ ಮೇಲೆ ಕೂತೇ ಇದ್ದ.

ಆರನೇ ವಾರ ಮೊದಲ ಪರೀಕ್ಷೆ. ಪರೀಕ್ಷೆ ಮಾಡುವವಳು ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದ ಹೆಂಗಸು, ಗೋಡೆಯ ನೆರಳಲ್ಲಿ ನಿಂತಿದ್ದಳು. ಡ್ರೈವರು ಗಾಡಿಯನ್ನು ಅರ್ಧದವರೆಗೆ ಚೆನ್ನಾಗಿ ತಂದ. ಆಮೇಲೆ ಎಡಗಡೆ ಕನ್ನಡಿಯಲ್ಲಿ ಟ್ರೇಲರಿನ ಪಕ್ಕ ಬಿಟ್ಟು ಬೇರೇನೂ ಕಾಣಲಿಲ್ಲ. ಅನುಮಾನ ಬಂತು. ಇಳಿಯಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ, ಕಿವಿ ಕೊಟ್ಟು, ಬಾರದ ಸದ್ದಿಗೆ ಕಾಯುತ್ತಾ ಗಾಡಿಯನ್ನು ಹಿಂದಕ್ಕೆ ಬಿಟ್ಟ. ಸದ್ದು ಬಂತು, ಅದು ಕಿತ್ತಳೆ ಬಣ್ಣದ ಎರಡು ಗುರುತುಗೂಟ ಚಕ್ರದಡಿ ಚಪ್ಪಟೆಯಾದ ಸದ್ದು.

"ಇನ್ನು ಒಂದು ಅವಕಾಶ," ಅಂದಳು ಹಲಗೆಯವಳು, ಬರೆದುಕೊಳ್ಳುತ್ತಾ.

ಅಂದಿನ ಊಟ ಬೇಳೆ, ಅನ್ನ, ಬೇಯಿಸಿದ ಮೊಟ್ಟೆ. ತಾಯಿ ತಟ್ಟೆಗೆ ಕೈ ಹಾಕುವ ಮೊದಲೇ ಶುರು ಮಾಡಿದಳು.

"ಚೆನ್ನಾಗಿ ಕಲೀತಿದ್ದ. ಆ ಭಾನುವಾರ ಇವಳು ಅಲ್ಲಿ ಹೋಗಿ ಕೈ ಇಟ್ಟು ಬಂದ್ಲಲ್ಲ, ಆಯ್ತು."

"ಅಜ್ಜಿ, ಅಪ್ಪ ಗೂಟಕ್ಕೆ ಗುದ್ದಿದಾಗ ಅಮ್ಮ ಇಸ್ತ್ರಿ ಹಾಕ್ತಿದ್ಲು," ಅಂದಳು ಮಗಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಲ್ಲ."

"ನೀನು ಸುಮ್ನಿರೇ. ಆ ಮುದುಕನ ಕಾಲು ಮುರಿದ ಕೈ ತಾನೇ ಅದು. ಸಮಯಕ್ಕೆ ಎತ್ತದ ಕೈ."

ಹೆಂಡತಿ ಎದ್ದು ನೀರಿನ ತಂಬಿಗೆ ತಂದಳು. "ನಿಜ ಅತ್ತೆ. ನಾನು ಹೋಗಬಾರದಿತ್ತು."

ಮಗಳು ಅಪ್ಪನ ಮುಖ ನೋಡಿದಳು. ಏನಾದರೂ ಹೇಳುತ್ತಾನೆಂದು ಕಾದಳು. ಡ್ರೈವರು ತಟ್ಟೆ ಮುಂದಕ್ಕೆ ಸರಿಸಿ, "ಸ್ವಲ್ಪ ಬೇಳೆ ಹಾಕು," ಅಂದ.

ಅವಳು ಬಡಿಸಿದಳು. ಅವನು ತಿಂದ. ನಾಚಿಕೆ ಎನ್ನುವುದು ಗಂಟಲಿಗೆ ಅಡ್ಡ ಬರುವುದೇ ಆಗಿದ್ದರೆ ಆ ದಿನ ಒಂದು ತುತ್ತೂ ಇಳಿಯುತ್ತಿರಲಿಲ್ಲ.

ಮಾರನೆಯ ದಿನ ಅಂಗಳಕ್ಕೆ ಹೋದವನು ಗಾಡಿ ಅರ್ಧ ತಿರುಗಿಸಿ ನಿಲ್ಲಿಸಿದ, ಬ್ರೇಕ್ ಎಳೆದ, ಇಳಿದ. ಗೋಡೆಯ ಮೇಲಿದ್ದವರಲ್ಲಿ ಒಬ್ಬ, "ಏನಣ್ಣ, ಏನಾದ್ರೂ ಬೀಳಿಸ್ಕೊಂಡ್ರಾ?" ಅಂದ. ಉಳಿದವರು ನಕ್ಕರು. ಡ್ರೈವರು ಗಾಡಿಯ ಉದ್ದಕ್ಕೂ ನಡೆದು ಹಿಂದೆ ಹೋದ. ಕನ್ನಡಿಯಲ್ಲಿ ಕಾಣದ ಮೂಲೆ ಕಣ್ಣಿಗೆ ಕಂಡಿತು. ಕಂಡದ್ದನ್ನು ತಲೆಯಲ್ಲಿಟ್ಟುಕೊಂಡು ಬಂದು ಹತ್ತಿ ಒಂದು ಗೇಣು ಬಿಟ್ಟ. ಮತ್ತೆ ಇಳಿದ.

ಎರಡು ವಾರ ಅದೇ ಕೆಲಸ. ಮೊಣಕಾಲು ಹಿಡಿದುಕೊಂಡಿತು. ರಾತ್ರಿ ತಾಯಿ ಬಿಸಿನೀರಿನ ಶಾಖ ಕೊಟ್ಟಳು, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಬೈದುಕೊಂಡೇ ಕೊಟ್ಟಳು. ಹೆಂಡತಿ ಅಂಗಳದ ಸುದ್ದಿ ಕೇಳಲಿಲ್ಲ. ಲಾಂಡ್ರಿಯಿಂದ ಬಂದು, ಉಂಡು, ಬೀಗ ಎರಡು ಸಲ ಎಳೆದು ನೋಡಿ ಮಲಗುತ್ತಿದ್ದಳು.

ಒಂದು ದಿನ ಟ್ರೇಲರಿಗೂ ಕಟ್ಟೆಗೂ ಸರಿಯಾಗಿ ಒಂದು ಮೊಳ ಉಳಿದಿತ್ತು. ಇಳಿದು ನೋಡಲು ಬಂದ ಡ್ರೈವರು ಆ ಸಂದಿನಲ್ಲಿ ನಿಂತ. ಒಂದು ಕಾಲು ಒಳಗಿಟ್ಟ. ಕಾಲು ಸಲೀಸಾಗಿ ಹಿಡಿಯಿತು, ಇನ್ನೊಂದು ಕಾಲೂ ಹಿಡಿಯಿತು. ಸೀಟಿನ ಮೇಲೆ ಕೂತು ಲೆಕ್ಕ ಹಾಕುವಾಗ ಏನೂ ಅಲ್ಲದ ಜಾಗ ಅದು. ಅವನು ಅಲ್ಲೇ ಬಹಳ ಹೊತ್ತು ನಿಂತಿದ್ದನ್ನು ನೋಡಿ ಮೇಷ್ಟ್ರು ಹತ್ತಿರ ಬಂದ.

"ಹುಷಾರಿಲ್ವಾ?"

"ಇದ್ದೀನಿ," ಅಂದ ಡ್ರೈವರು. ಕಾಲು ತೆಗೆದು ಹೋಗಿ ಹತ್ತಿದ.

ಎರಡನೇ ಪರೀಕ್ಷೆ ಎಂಟನೇ ವಾರದ ಕೊನೆಯ ಬೆಳಿಗ್ಗೆ. ಅವನು ಒಂಬತ್ತು ಸಲ ಇಳಿದ, ಒಂಬತ್ತು ಸಲ ಹತ್ತಿದ. ಹಲಗೆಯವಳು ಗಡಿಯಾರ ನೋಡಿಕೊಂಡಳು, ಆಕಳಿಸಿದಳು, ತಡೆಯಲಿಲ್ಲ. ಕೊನೆಗೆ ಟ್ರೇಲರಿನ ರಬ್ಬರು ಕಟ್ಟೆಗೆ ತಾಗಿದ್ದು ಒಳಗೆ ಕೂತವನಿಗೂ ಗೊತ್ತಾಗದಷ್ಟು ಮೆತ್ತಗೆ.

"ಇಷ್ಟು ಸಲ ಇಳಿದೋರನ್ನ ನಾನು ನೋಡಿಲ್ಲ," ಅಂದಳು ಅವಳು.

"ತಡ ಆಯ್ತು. ಮೊದಲೇ ಇಳೀಬೇಕಾಗಿತ್ತು," ಅಂದ ಡ್ರೈವರು.

ಅವಳು ರುಜು ಹಾಕಿ ಕಾಗದ ಹರಿದು ಕೊಟ್ಟಳು.

ಮಧ್ಯಾಹ್ನ ಮನೆಯಲ್ಲಿ ನಾಲ್ವರೂ ಇದ್ದರು. ಮಗಳು ದಾರಿಯಲ್ಲಿ ಕೇಕು ತಂದಿದ್ದಳು. ಹೆಂಡತಿ ಕಾಗದವನ್ನು ಎರಡು ಸಲ ಓದಿ, ಎಣ್ಣೆ ತಾಗದಿರಲೆಂದು ಕಿಟಕಿಯ ಮೇಲಿಟ್ಟು, ಕಣ್ಣೊರೆಸಿಕೊಂಡು ಬಡಿಸಲು ಬಂದಳು. ಅವಳಿಗೆ ನಿಜವಾಗಿ ಸಂತೋಷವಾಗಿತ್ತು. ತಾಯಿ ಮಗನ ತಟ್ಟೆಗೆ ತನ್ನ ಪಾಲಿನ ಮೊಟ್ಟೆಯನ್ನೂ ಹಾಕಿದಳು.

"ನಾನು ಹೇಳಲಿಲ್ವಾ," ಅಂದಳು. "ಈ ಸಲ ಹಿಂದೆ ಇವಳ ಕೈ ಇರಲಿಲ್ಲ. ಪಾಸಾದ."

"ಅಜ್ಜಿ," ಅಂದಳು ಮಗಳು.

"ನಿಜ ಹೇಳಿದ್ರೆ ಕೋಪ ಯಾಕೆ? ಅವಳೇ ಒಪ್ಕೊಂಡಿದ್ದಾಳೆ."

ಡ್ರೈವರು ಕಲಸಿದ ಅನ್ನ ಬಿಟ್ಟು ಕೈ ಹಿಂದಕ್ಕೆ ತೆಗೆದ.

"ಅಮ್ಮ, ಅವಳು ತಟ್ಟಿದ್ಲು."

"ಯಾವಾಗ?"

"ಆ ಮುದುಕನ ಕಾಲು ಹೋದ ದಿನ. ಅವಳು ತಟ್ಟಿದ್ಲು. ನನಗೆ ಕೇಳಿಸಿತ್ತು. ಇನ್ನೂ ಜಾಗ ಇದೆ ಅಂತ ನಾನೇ ಬಿಟ್ಟೆ. ವಿಚಾರಣೆಯಲ್ಲಿ ತಟ್ಟಲಿಲ್ಲ ಅಂತ ಸುಳ್ಳು ಹೇಳ್ದೆ."

ತಾಯಿ ಬಾಯಿಗಿಡಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. ಮಗಳು ಕೇಕಿನ ಚಾಕು ಕೆಳಗಿಟ್ಟಳು.

"ಏನಂದ್ರಿ?" ಅಂದಳು ಹೆಂಡತಿ. ಸೌಟು ಕೈಯಲ್ಲೇ ಇತ್ತು.

"ನಿನಗೆ ಗೊತ್ತಿರೋದೇ. ನೀನು ಇಷ್ಟು ವರ್ಷ ಮನೆಗೋಸ್ಕರ ನುಂಗ್ಕೊಂಡೆ. ಇನ್ನು ಬೇಡ ಅಂತ ಹೇಳಿಬಿಟ್ಟೆ."

"ನನಗೆ ಗೊತ್ತಿರಲಿಲ್ಲ."

"ಏನು?"

"ನನಗೆ ಗೊತ್ತಿರಲಿಲ್ಲ," ಅಂದಳು ಅವಳು, ನಿಧಾನವಾಗಿ. "ಅವರು ಕೇಳಿದಾಗ ತಟ್ಟಿದೆ ಅಂತಲೇ ಹೇಳಿದೆ. ನಿಮ್ಮ ಗಂಡನೇ ಇಲ್ಲ ಅಂತಾರಲ್ಲಮ್ಮ ಅಂದ್ರು. ನೀವು ಸುಳ್ಳು ಹೇಳ್ತೀರಿ ಅಂತ ನನಗೆ ಹೊಳೀಲೇ ಇಲ್ಲ. ನಾನೇ ತಟ್ಟದೆ ತಟ್ಟಿದೆ ಅಂದ್ಕೊಂಡಿದ್ದೀನೇನೋ ಅಂತ ರುಜು ಹಾಕ್ದೆ."

ಹನ್ನೊಂದು ವರ್ಷ ಡ್ರೈವರು ಕೈಮುಗಿದ ತಾಳ್ಮೆ ಅವಳಲ್ಲಿ ಇರಲೇ ಇಲ್ಲ. ಅವನ ಮಾತನ್ನು ನಂಬಿ ತನ್ನ ಕೈಯನ್ನೇ ಸಂಶಯಿಸುತ್ತಾ ಅವಳು ಬದುಕಿದ್ದಳು.

"ತಿಂಗಳಿಗೊಂದು ಸಲ ಆ ಮುದುಕನ ಮನೆಗೆ ಹೋಗಿಬರ್ತೀನಿ," ಅಂದಳು. ಇದು ಮನೆಯಲ್ಲಿ ಯಾರಿಗೂ ಗೊತ್ತಿರದ ಮಾತು. "ಅವನ ಹಾಸಿಗೆ ಬಟ್ಟೆ ಒಗೆದುಕೊಟ್ಟು ಬರ್ತೀನಿ. ಪ್ರತಿ ಸಲ ತಪ್ಪಾಯ್ತು ಅಂತೀನಿ. ಹೋಗ್ಲಿ ಬಿಡಮ್ಮ ಅಂತಾನೆ."

ಯಾರೂ ಉಣ್ಣುತ್ತಿರಲಿಲ್ಲ. ಅವಳು ಸೌಟನ್ನು ಪಾತ್ರೆಯೊಳಗಿಟ್ಟಳು.

"ಎಷ್ಟು ಸಲ ತಟ್ಟಿದೆ ನಾನು?"

"ಒಂದು ಸಲ."

"ಮೆತ್ತಗಾ?"

"ಇಲ್ಲ. ಗಟ್ಟಿಯಾಗಿ. ಚೆನ್ನಾಗಿ ಕೇಳಿಸ್ತು."

ಅವಳು ತಲೆಯಾಡಿಸಿದಳು. ಅತ್ತೆಯ ಕಡೆ ತಿರುಗಿ, "ಕೇಳಿಸ್ಕೊಂಡ್ರಾ ಅತ್ತೆ? ನಾನು ತಟ್ಟಿದ್ದೆ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತೆ ತಟ್ಟೆ ನೋಡುತ್ತಾ, "ಕೇಳಿಸ್ಕೊಂಡೆ ಕಣಮ್ಮ," ಅಂದಳು.

ಅವಳು ಕೈ ತೊಳೆದು ಬಾಗಿಲ ಬಳಿ ಹೋಗಿ ಚಪ್ಪಲಿ ಹಾಕಿಕೊಂಡಳು.

"ಎಲ್ಲಿಗಮ್ಮ?" ಮಗಳು ಕೇಳಿದಳು.

"ಆ ಮುದುಕನ ಮನೆಗೆ."

ಡ್ರೈವರು ಎಂಜಲು ಕೈಯಲ್ಲೇ ಎದ್ದ. "ನಾನೂ ಬರ್ತೀನಿ."

"ನೀವು ನಾಳೆ ಹೋಗಿ, ನಿಮ್ಮ ಮಾತು ನೀವು ಹೇಳಿ," ಅಂದಳು ಅವಳು. "ತಟ್ಟಿದ್ದೆ ಅಂತ ಇವತ್ತು ನಾನು ಹೋಗಿ ಹೇಳ್ಬೇಕು."

ಅವಳು ಮೆಟ್ಟಿಲು ಇಳಿದು ಹೋದಳು, ಒಲೆ ನೋಡಲು ಹತ್ತಿಬರಲಿಲ್ಲ. ಕೊನೆಯ ಮೆಟ್ಟಿಲವರೆಗೆ ಅವಳ ಹೆಜ್ಜೆ ಮೂವರಿಗೂ ಕೇಳಿಸುತ್ತಿತ್ತು.